ಎತ್ತಿಕೊಂಡವಳು

ಗೋವಾದ ಕುಂಕಳ್ಳಿಯ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಪ್ರತಿಮಾ ತನ್ನ ಕಿರಾಣಿ ಅಂಗಡಿಯ ಶಟರನ್ನು ಅರ್ಧ ಸರಿಸಿದ್ದಳಷ್ಟೇ, ಪೊಲೀಸನೊಬ್ಬ ಬಗ್ಗಿ ಒಳಗೆ ಇಣುಕಿದ. ಮಳೆಯಲ್ಲಿ ಪೂರಾ ನೆನೆದಿದ್ದ.

"ಬಾಯ್, ನಿಮಗೆ ಕನ್ನಡ ಬರುತ್ತದಲ್ಲ?" ಎಂದು ಕೊಂಕಣಿಯಲ್ಲಿ ಕೇಳಿದ. "ಸಾಹೇಬರು ಕರೆಯುತ್ತಿದ್ದಾರೆ. ಒಬ್ಬ ಹೆಂಗಸನ್ನು ಹಿಡಿದು ತಂದಿದ್ದೇವೆ. ಅವಳ ಮಾತು ನಮಗ್ಯಾರಿಗೂ ತಿಳಿಯುತ್ತಿಲ್ಲ."

"ಏನು ಮಾಡಿದ್ದಾಳೆ?"

"ಕಾರ್ಖಾನೆ ರಸ್ತೆಯ ಖುರಿಸ್ ಮುರಿದಿದೆ, ಆ ಶಿಲುಬೆ. ಮುರಿದ ತುಂಡು ಅವಳ ಶೆಡ್ಡಿನಲ್ಲಿ ಸಿಕ್ಕಿತು."

ಆ ಮಳೆಗಾಲದಲ್ಲಿ ಅಂಥ ಸುದ್ದಿಗಳು ಬರುತ್ತಲೇ ಇದ್ದವು. ಒಂದು ಕಡೆ ಗುಡಿಯ ಮೂರ್ತಿ ಮುರಿಯಿತೆಂದರೆ ಇನ್ನೊಂದು ಕಡೆ ದಾರಿಬದಿಯ ಶಿಲುಬೆ. ಮಾಡಿದವರು ಸಿಗುತ್ತಿರಲಿಲ್ಲ. ಸಿಗದಾಗಲೆಲ್ಲ ಜನ 'ಹೊರಗಿನವರು' ಎನ್ನುತ್ತಿದ್ದರು. ಕುಂಕಳ್ಳಿಯಲ್ಲಿ ಹೊರಗಿನವರೆಂದರೆ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇದ್ದ ವಿಜಾಪುರ, ಬಾಗಲಕೋಟೆ ಕಡೆಯ ಜನ. ಮದುವೆಯಾಗಿ ಬೆಳಗಾವಿಯಿಂದ ಇಲ್ಲಿಗೆ ಬಂದು, ಗಿರಾಕಿಗಳ ಬಾಯಿಂದಲೇ ಕೊಂಕಣಿ ಕಲಿತು, ಅದರಲ್ಲಿಯೇ ಜಗಳವಾಡುವಷ್ಟು ಪಳಗಿದ್ದ ಪ್ರತಿಮಾಳೂ ಯಾರಿಗಾದರೂ ಸಿಟ್ಟು ಬಂದಾಗ ಹೊರಗಿನವಳೇ.

ಗಂಡ ಶ್ರೀಶೈಲ ಮೆಣಸಿನಕಾಯಿ ಖರೀದಿಗೆಂದು ಬ್ಯಾಡಗಿಗೆ ಹೋಗಿದ್ದ. ಫೋನು ಹಚ್ಚಿದಳು.

"ನಮಗ್ಯಾಕ ಬೇಕ ಆ ಉಸಾಬರಿ?" ಎಂದ ಅವನು. "ಕನ್ನಡ ಅಷ್ಟ ಬರಂಗಿಲ್ಲ ಅಂದ್ಬಿಡು. ಅಂಗಡಿ ಹಾಕ್ಕೊಂಡ ಒಳಗ ಕೂಡು."

ಪೊಲೀಸ ಬಾಗಿಲಲ್ಲೇ ನಿಂತಿದ್ದ. ಅಷ್ಟು ಬರುವುದಿಲ್ಲವೆಂದು ಅವನ ಮುಖ ನೋಡಿಕೊಂಡು ಹೇಗೆ ಹೇಳುವುದು? ಅವಳು ಶಟರು ಎಳೆದು, ಸ್ಕೂಟಿ ತೆಗೆದುಕೊಂಡು ಅವನ ಹಿಂದೆಯೇ ಹೋದಳು.

ಠಾಣೆಯ ಮುಂದೆ ಕೊಡೆಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ಕೆಳಗಿನ ಮುಖಗಳಲ್ಲಿ ಅರ್ಧಕ್ಕರ್ಧ ಅವಳ ಗಿರಾಕಿಗಳೇ. ದಿನಾ ನಗುತ್ತ ಮಾತನಾಡಿಸುವವರು ಇಂದು ಯಾರೂ ಮಾತನಾಡಿಸಲಿಲ್ಲ. ದಾರಿಯನ್ನೇನೋ ಬಿಟ್ಟರು. ಅವಳು ದಾಟಿದ ಕೂಡಲೇ ಆ ದಾರಿ ಮುಚ್ಚಿಕೊಂಡಿತು.

ಒಳಗೆ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದವಳನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ಭಾಗವ್ವ. ಸಿಮೆಂಟ್ ಇಟ್ಟಿಗೆ ಮಾಡುವಲ್ಲಿ ತಲೆಹೊರೆ ಹೊರುತ್ತಿದ್ದಳು. ಸಂಜೆ ಐದು ದಾಟಿದ ಮೇಲೆ ಅಂಗಡಿಗೆ ಬಂದು ಜೋಳದ ಹಿಟ್ಟು ಒಯ್ಯುತ್ತಿದ್ದಳು. ಅವಳ ಸೀರೆಯ ಸೆರಗಿಗೆ ಕೆಸರು ಮೆತ್ತಿತ್ತು. ಎದುರಿನ ಕುರ್ಚಿಯಲ್ಲಿ ಎಸ್ಪೆರಾನ್ಸಾ ಎಂಬ ಮುದುಕಿ ಕೂತಿದ್ದಳು. ಕಾರ್ಖಾನೆ ರಸ್ತೆಯ ಶಿಲುಬೆಗೆ ಸುಣ್ಣ ಬಳಿಯುವುದು, ಹೂವಿಡುವುದು, ಮೇಣದಬತ್ತಿ ಹಚ್ಚುವುದು ಎಲ್ಲ ಆಕೆಯದೇ ಕೆಲಸ. ಆಕೆಯ ಗಂಡನ ತಂದೆ ಕಟ್ಟಿಸಿದ ಶಿಲುಬೆ ಅದು. ಪಕ್ಕದಲ್ಲಿ ಇಗರ್ಜಿಯ ಫಾದರ್ ಆವೆಲಿನ್ ನಿಂತಿದ್ದರು.

ಪಿಎಸ್‌ಐನ ಮೇಜಿನ ಮೇಲೆ, ಹಾಸಿದ ಪತ್ರಿಕೆಯ ಮೇಲೆ ಮುರಿದ ಶಿಲುಬೆಯ ಮೇಲ್ಭಾಗ ಇತ್ತು. ಒಂದು ತೋಳು ಉಳಿದಿತ್ತು, ಇನ್ನೊಂದು ಮೊಂಡಾಗಿತ್ತು. ಬಿಳಿಯ ಸುಣ್ಣದ ಮೇಲೆ ಅರಿಶಿನದ ಹಳದಿ ಭಂಡಾರ, ನಟ್ಟನಡುವೆ ಒಂದು ಕುಂಕುಮದ ಬೊಟ್ಟು.

"ಯಾಕೆ ಮುರಿದಳು, ಕೇಳಿ," ಎಂದ ಪಿಎಸ್‌ಐ.

ಪ್ರತಿಮಾ ಭಾಗವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಭಾಗವ್ವ, ಹೆದರಬ್ಯಾಡ. ಖುರ್ಸ ಯಾಕ ಮುರದಿ ಅಂತ ಕೇಳಾಕತ್ತಾರ."

"ನಾ ಮುರದಿಲ್ರಿ ಅಕ್ಕಾರ. ನಾ ಎತಗೊಂಡ ಬಂದೀನಿ ಅಷ್ಟ."

ಪ್ರತಿಮಾ ಬಾಯಿ ತೆರೆದವಳು ತಡೆದಳು. ಎತ್ತಿಕೊಂಡು ಬಂದೆ. ಅದನ್ನು ಕೊಂಕಣಿಯಲ್ಲಿ ಹೇಗೆ ಹೇಳಿದರೂ ಒಯ್ದೆ ಎಂದಾಗುತ್ತಿತ್ತು. ಒಯ್ದೆ ಎಂದರೆ ಕದ್ದೆ ಎಂದು ಕೇಳುವವರೇ ಅಲ್ಲಿದ್ದರು. "ಮುರಿದಿಲ್ಲವಂತೆ. ಬಿದ್ದದ್ದನ್ನು ಎತ್ತಿದ್ದಾಳಂತೆ," ಎಂದಳು ಮೆಲ್ಲಗೆ. ಕಿಟಕಿಗೆ ಕಿವಿಗೊಟ್ಟು ನಿಂತಿದ್ದವನೊಬ್ಬ ಹಿಂದಿನವರಿಗೆ ಕೂಗಿದ: "ತಾನೇ ಒಯ್ದೆ ಅಂತ ಒಪ್ಪಿಕೊಂಡಳು!" ಹೊರಗೆ ಗದ್ದಲ ಎದ್ದಿತು. ಕಿಟಕಿಯ ಕದವನ್ನು ಯಾರೋ ಹೊರಗಿನಿಂದ ಗುದ್ದಿದರು.

"ಸಾಕ್ರಿಲೇಜ್!" ಎಂದಳು ಎಸ್ಪೆರಾನ್ಸಾ. ಧ್ವನಿ ದೊಡ್ಡದಿರಲಿಲ್ಲ. "ಅವಳಿಗೆ ಹೇಳು ಬಾಯ್. ಅವಳು ಮಾಡಿದ್ದು ಸಾಕ್ರಿಲೇಜ್ ಅಂತ ಅವಳದೇ ಮಾತಿನಲ್ಲಿ ಹೇಳು. ಅವಳಿಗೆ ತಿಳಿಯಬೇಕು."

ಪ್ರತಿಮಾ ಆ ಮಾತಿಗೆ ಕನ್ನಡ ಹುಡುಕಿದಳು. ಮೈಲಿಗೆ ಎನ್ನೋಣವೆಂದರೆ ಅದು ಸ್ನಾನ ಮಾಡಿದರೆ ಹೋಗುವಂಥದು. ಅಪಚಾರವೆಂದರೆ ಹಗುರಾಗುತ್ತಿತ್ತು. ದೇವದ್ರೋಹ ಎಂದರೆ ಭಾಗವ್ವ ಅಲ್ಲಿಯೇ ಎದೆಯೊಡೆದುಕೊಳ್ಳುತ್ತಿದ್ದಳು. ತಪ್ಪು ಮಾತು ಹೇಳಿದರೆ ಎರಡೂ ಕಡೆ ಕೆಡುತ್ತದೆಂದು ಅವಳಿಗೆ ಅನ್ನಿಸಿತು.

"ಫಾದರ್, ಆ ಮಾತಿನ ಅರ್ಥ ಸರಿಯಾಗಿ ಏನು?"

ಫಾದರಿಗೆ ಈ ಹೊತ್ತಿನಲ್ಲಿ ಇಂಥ ಪ್ರಶ್ನೆ ಬರಬಹುದೆಂದು ಅನ್ನಿಸಿರಲಿಲ್ಲ. ಮೇಜಿನ ಮೇಲಿನ ತುಂಡನ್ನು ನೋಡುತ್ತ ಹೇಳಿದರು: "ಪೋರ್ತುಗೀಸರು ತಂದ ಮಾತು. ಅದರ ಮೂಲ ಲ್ಯಾಟಿನ್ನಿನಲ್ಲಿದೆ. ಮೊದಲನೇ ಅರ್ಧ ಅಂದರೆ ದೇವರಿಗೆ ಸೇರಿದ್ದು. ಎರಡನೇ ಅರ್ಧ ಅಂದರೆ ಆಯುವುದು, ಎತ್ತಿಕೊಳ್ಳುವುದು. ಗುಡಿಯ ಸೊತ್ತು ಎತ್ತಿಕೊಂಡು ಹೋಗುವ ಕಳ್ಳನಿಗೆ ರೋಮಿನವರು ಹಾಗೆನ್ನುತ್ತಿದ್ದರು. ಆಮೇಲೆ ಅದು ದೊಡ್ಡದಾಯಿತು. ಪವಿತ್ರವಾದುದನ್ನು ಮುರಿದರೂ, ಹೊಲಸು ಮಾಡಿದರೂ ಅದೇ ಮಾತು."

"ಹಾಗಾದರೆ ಸರಿಯಾಗಿಯೇ ಹೇಳಿದೆ," ಎಂದಳು ಎಸ್ಪೆರಾನ್ಸಾ. "ಎತ್ತಿಕೊಂಡು ಹೋಗಿದ್ದಾಳೆ. ಹೊಲಸೂ ಮಾಡಿದ್ದಾಳೆ."

ಪ್ರತಿಮಾ ಭಾಗವ್ವನ ಕಡೆ ತಿರುಗಿದಳು. "ದೇವರ ಸಾಮಾನು ಎತಗೊಂಡ ಹೋಗಿದಿ ಅಂತಾರ. ಅದು ಭಾಳ ದೊಡ್ಡ ಪಾಪ ಅಂತ ಇವರಲ್ಲಿ."

ಭಾಗವ್ವ ಮೊದಲ ಸಲ ತಲೆಯೆತ್ತಿ ಮುದುಕಿಯನ್ನು ನೇರವಾಗಿ ನೋಡಿದಳು.

"ಎತ್ತಲಾರದ ಬಿಟ್ಟ ಬರೂದು ಪಾಪ ಅಲ್ಲೇನ್ರಿ?" ಎಂದಳು. "ಅಡ್ಡಾದಿಡ್ಡಿ ಬಿದ್ದಿತ್ತ್ರಿ ರಸ್ತಾದಾಗ. ಗಾಡಿ ಬರಾಕತ್ತಿದ್ದೂವು. ಒಂದ ನಾಯಿ ಬಂದು ಮೂಸಾಕತ್ತಿತ್ತು. ಬಾಯ್ನಾದಾಗ ಸಮುದ್ರದ ದಂಡಿ ಮ್ಯಾಲಿನ ನಮ್ಮ ಮನಿ ಸರಕಾರದವರು ಕೆಡವಿದಾಗ ನಮ್ಮ ಯಲ್ಲವ್ವ ಒಳಗ ದೇವರ ಜಗಲಿ ಮ್ಯಾಲ ಇದ್ಲು. ಒಂದ ಸಲ ಒಳಗ ಹೋಗಿ ತರ್ತೀನ್ರಿ ಅಂತ ಕಾಲ ಹಿಡದ್ನಿ, ಬಿಡಲಿಲ್ಲ. ಕೆಡವೂ ಮಿಷನ್ ಬಂತು. ಆಮ್ಯಾಲ ಮಣ್ಣಾಗ ಕೈಲೆ ಕೆದರಿದ್ನಿ. ಏನೂ ಸಿಗಲಿಲ್ಲ. ಅದರ ಮ್ಯಾಲ ಮಂದಿ ಅಡ್ಡ್ಯಾಡಿದ್ರು, ನಾನೂ ಅಡ್ಡ್ಯಾಡಿದ್ನಿ, ದಾರಿ ಅದs ಇತ್ತು. ಇವತ್ತ ಇದನ್ನ ನೋಡಿದ್ನಿ. ಯಾರ ದೇವರಾದ್ರೇನು, ಉಡ್ಯಾಗ ಹಾಕ್ಕೊಂಡು ಒಯ್ದು ನಮ್ಮ ಜಗಲಿ ಮ್ಯಾಲ ಇಟ್ನಿ. ದೇವರನ್ನ ಒಣಾ ಒಣಾ ಹ್ಯಾಂಗ ಇಡೂದು? ಭಂಡಾರ ಹಚ್ಚಿದ್ನಿ, ದೀಪ ಹಚ್ಚಿದ್ನಿ."

ಪ್ರತಿಮಾ ಒಂದೊಂದೇ ಮಾತನ್ನು ಕೊಂಕಣಿಗೆ ತಂದಳು, ಏನನ್ನೂ ಬಿಡಲಿಲ್ಲ. ಬಾಯ್ನಾದ ಮಾತು ಬಂದಾಗ ಫಾದರ್ ಕನ್ನಡಕ ತೆಗೆದು ಜುಬ್ಬಾದಿಂದ ಒರೆಸತೊಡಗಿದರು. ಎಸ್ಪೆರಾನ್ಸಾಳ ಮುಖ ಸಡಿಲಾಗಲಿಲ್ಲ. ಆದರೆ ಅವಳು ಮತ್ತೆ ಆ ಮಾತನ್ನು ಎತ್ತಲಿಲ್ಲ.

"ಇರಲಿ," ಎಂದ ಪಿಎಸ್‌ಐ. "ಇವಳು ಮುರಿದಿಲ್ಲವಾದರೆ ಮುರಿದವರು ಯಾರು? ನೋಡಿದ್ದಾಳೆಯೆ?"

ಅದನ್ನು ಕೇಳಿದಾಗ ಭಾಗವ್ವನ ಕಣ್ಣು ಕಿಟಕಿಯ ಕಡೆ ಹೋಗಿ ಬಂತು. ಅವಳು ಧ್ವನಿ ಇಳಿಸಿದಳು. "ಅಕ್ಕಾರ, ಹೆಸರ ಹೇಳೂದಿಲ್ರಿ ನಾ. ನಮ್ಮ ಓಣ್ಯಾಗ ಮೊನ್ನೆ ಕೂಸ ಹುಟ್ಟೇತಲ್ಲಾ, ನಿಮ್ಮ ಅಂಗಡ್ಯಾಗಿಂದs ಬಾಣಂತಿಗೆ ಅಳವಿ ಬೀಜ ಒಯ್ದರಲ್ಲಾ, ಆ ಕೂಸಿನಪ್ಪ. ನಸಕಿನ್ಯಾಗ ಗಾಡಿ ಹಿಂದ ತಗೋಳಾಗ ಬಡೀತ್ರಿ. ಮಳ್ಯಾಗ ಕಾಣಲಿಲ್ಲ ಅವಗ. ಇಳದು ನೋಡಿ ಬಾಯಿ ಬಡ್ಕೊಂಡ ಅತ್ತ. ಇದನ್ನ ಇವರ ಮುಂದ ತಿರುಗಿಸಿ ಹೇಳಬ್ಯಾಡ್ರಿ. ಹೊರಗ ಮಂದಿ ನೋಡಿರಿಲ್ಲೋ? ಕೊಂದ ಹಾಕ್ತಾರ. ನಿಮ್ಮ ಕಾಲ ಬೀಳ್ತೀನಿ."

ಹೊಳೆಪ್ಪ. ಕಾರ್ಖಾನೆಗೆ ಜಲ್ಲಿ ಹಾಕುವ ಟಿಪ್ಪರಿನ ಡ್ರೈವರ್. ಆ ಕೋಣೆಯಲ್ಲಿ ಇಷ್ಟು ಜನರಿದ್ದರೂ ಅದು ಗೊತ್ತಾದದ್ದು ಪ್ರತಿಮಾ ಒಬ್ಬಳಿಗೇ.

"ಏನಂದಳು?"

"ಬೆಳಗಿನ ಜಾವ ಒಂದು ಗಾಡಿ ಬಡಿಯಿತಂತೆ. ಮಳೆ ಜೋರಿತ್ತಂತೆ."

"ಅಷ್ಟುದ್ದ ಹೇಳಿದಳು. ನೀವು ಇಷ್ಟೇ ಹೇಳುತ್ತೀರಿ." ಪಿಎಸ್‌ಐ ಪೆನ್ನು ಕೆಳಗಿಟ್ಟ. "ಬಾಯ್, ಹೊರಗೆ ನೋಡಿದಿರಲ್ಲ. ಮಡಗಾವಿನಿಂದ ಹೆಚ್ಚಿನ ಪೊಲೀಸರು ಬರುವುದಕ್ಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಯಾರೋ ಶೆಡ್ಡುಗಳ ಕಡೆ ಹೊರಟರೆ ನನ್ನ ಹತ್ತಿರ ತಡೆಯಲು ಜನರಿಲ್ಲ. ಗಾಡಿ ಯಾರದು?"

ಹೇಳಿದರೆ ಆ ಹೆಸರು ಕಿಟಕಿ ದಾಟಿ ಜನರ ಬಾಯಿಗೆ ಬೀಳುತ್ತದೆ. ಹೇಳದಿದ್ದರೆ ಭಾಗವ್ವ ಇಲ್ಲಿಯೇ ಕೊಳೆಯುತ್ತಾಳೆ. ಗಂಡ ಹೇಳಿದಂತೆ ಅಂಗಡಿಯೊಳಗೇ ಕೂತಿದ್ದರೆ ಎಂದುಕೊಂಡಳು. ಆದರೆ ಆ ಹೊತ್ತು ಮೀರಿ ಹೋಗಿತ್ತು.

ಮೇಜಿನ ಹತ್ತಿರ ಹೋಗಿ, ಬಗ್ಗಿ, ಪಿಎಸ್‌ಐಗಷ್ಟೇ ಕೇಳುವಂತೆ ಹೇಳಿದಳು: "ಹೆಸರು ಕೇಳಬೇಡಿ ಸಾಹೇಬರೆ. ಅರ್ಧ ಗಂಟೆ ಕೊಡಿ. ಅವನನ್ನು ನಾನೇ ಕರೆತರುತ್ತೇನೆ."

"ಓಡಿಹೋದರೆ?"

"ನನ್ನ ಅಂಗಡಿ ಎಲ್ಲಿದೆ ಎಂದು ನಿಮಗೆ ಗೊತ್ತಿದೆ."

ಅವನು ಫಾದರರ ಮುಖ ನೋಡಿದ. ಫಾದರ್ ತಲೆಯಾಡಿಸಿದರು. ಭಾಗವ್ವ ಎದ್ದು ಬಂದು ಪ್ರತಿಮಾಳ ಸೆರಗು ಹಿಡಿದಳು. "ಏನ್ ಹೇಳಿದ್ರಿ ಅಕ್ಕಾರ? ಅವರಿಗೇನ್ ಹೇಳಿದ್ರಿ?" ಪ್ರತಿಮಾ ಸೆರಗು ಬಿಡಿಸಿಕೊಂಡು ಹೊರಗೆ ಬಂದಳು.

ಶೆಡ್ಡುಗಳ ಓಣಿಯಲ್ಲಿ ಒಂದು ಜೀವವೂ ಕಾಣಲಿಲ್ಲ. ಎಲ್ಲ ಬಾಗಿಲು ಒಳಗಿನಿಂದ ಹಾಕಿದ್ದವು. ಹೊಳೆಪ್ಪನ ಬಾಗಿಲು ಬಡಿದಾಗ ಬಹಳ ಹೊತ್ತು ಯಾರೂ ತೆಗೆಯಲಿಲ್ಲ. "ನಾ ಅಂಗಡಿ ಅಕ್ಕ," ಎಂದು ಮೂರು ಸಲ ಕೂಗಿದ ಮೇಲೆ ಅವನ ಹೆಂಡತಿ ದ್ರಾಕ್ಷಾಯಿಣಿ ಕೂಸನ್ನೆತ್ತಿಕೊಂಡು ಬಂದು ಕದ ಸರಿಸಿದಳು. ಒಳಗೆ ಹೊಳೆಪ್ಪ ಚೀಲಕ್ಕೆ ಅಂಗಿ ತುರುಕುತ್ತಿದ್ದ.

"ಎಲ್ಲಿಗೆ ಹೊಂಟಿ?"

"ಮಡಗಾಂವಿಗ್ರಿ. ಅಲ್ಲಿಂದ ಊರ ಬಸ್ ಹಿಡೀತೀನಿ." ಅವನು ತಲೆ ಮೇಲೆತ್ತಲಿಲ್ಲ. "ಭಾಗವ್ವ ಹೇಳಿದ್ಲೇನ್ರಿ?"

"ನನಗಷ್ಟ ಹೇಳಿದ್ಲು. ಯಾರ ಮುಂದೂ ಹೇಳಬ್ಯಾಡ್ರಿ ಅಂತ ನನ್ನ ಕಾಲ ಬಿದ್ದಾಳ. ನಿನ್ನ ಸಲುವಾಗಿ ಅಲ್ಲೆ ನೆಲದ ಮ್ಯಾಲ ಕುಂತಾಳ, ಹೊಳೆಪ್ಪ. ಕದ್ದಾಳ, ಮುರದಾಳ ಅಂತ ಎಲ್ಲಾ ಆಕಿ ತಲಿ ಮ್ಯಾಲ ಹಾಕಾಕತ್ತಾರ."

"ನಾ ಬೇಕಂತ ಮಾಡಿಲ್ರಿ! ಗಾಡಿ ಕನ್ನಡ್ಯಾಗ ಬರೇ ನೀರ ಕಾಣತಿತ್ತು. ಡಬ್ ಅಂತ ಸಪ್ಪಳಾತು..." ಅವನು ಚೀಲದ ಬಾಯಿ ಬಿಗಿದ. "ನಾ ಹೋದ್ರ ಅವ್ರು ಕೇಳ್ತಾರೇನ್ರಿ? ಹೊಡದು ಕೆಡವ್ತಾರ."

ಪ್ರತಿಮಾಳಿಗೂ ಹಾಗಾಗುವುದಿಲ್ಲವೆಂಬ ಭರವಸೆ ಇರಲಿಲ್ಲ. "ಹೊಡಿಯಂಗಿಲ್ಲ ಅಂತ ನಾ ಹೇಳಂಗಿಲ್ಲ," ಎಂದಳು. "ಖರೇ, ನೀ ಬರದಿದ್ರ ನಿನ್ನ ಹೆಸರ ನಾನs ಹೇಳಬೇಕಾಗ್ತದ. ಆಕಿನ್ನ ಒಳಗ ಹಾಕೂದು ನೋಡ್ಕೊಂತ ಕೂಡ್ರಾಕ ನನಗ ಆಗಂಗಿಲ್ಲ."

ಬೆದರಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಹೊಳೆಪ್ಪ ಹೆಂಡತಿಯನ್ನು ನೋಡಿದ. ದ್ರಾಕ್ಷಾಯಿಣಿ ಅಳುತ್ತಿರಲಿಲ್ಲ. ಕೂಸನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡು, "ನನ್ನ ಬಾಣಂತನ ಭಾಗವ್ವತ್ತಿ ಮಾಡ್ಯಾಳ್ರಿ. ನನ್ನವ್ವ ಬಂದಿದ್ದಿಲ್ಲ," ಎಂದಳು. ಗಂಡನಿಗೆ ಹೇಳಿದಳೋ ಪ್ರತಿಮಾಳಿಗೋ ತಿಳಿಯಲಿಲ್ಲ. ಹೊಳೆಪ್ಪ ಚೀಲವನ್ನು ಅಲ್ಲಿಯೇ ಬಿಟ್ಟು ಚಪ್ಪಲಿ ಮೆಟ್ಟಿದ.

ಅವನು ಸ್ಕೂಟಿಯ ಹಿಂದೆ ಕೂತ. ಠಾಣೆಯ ಮುಂದೆ ಜನ ಹೆಚ್ಚಾಗಿದ್ದರು. ಒಬ್ಬ ಸ್ಕೂಟಿಯ ಹ್ಯಾಂಡಲ್ ಹಿಡಿದ. "ಇವನ್ಯಾರು?"

"ಅವಳ ಕಡೆಯವನು," ಎಂದಳು ಪ್ರತಿಮಾ ಕೊಂಕಣಿಯಲ್ಲಿ. ಅದು ಸುಳ್ಳೂ ಆಗಿರಲಿಲ್ಲ. ಹ್ಯಾಂಡಲ್ ಹಿಡಿದವನು ಹೊಳೆಪ್ಪನ ಮುಖವನ್ನೇ ನೋಡಿದ. ಹೊಳೆಪ್ಪ ನೆಲ ನೋಡಿದ. ಆಮೇಲೆ ಆ ಕೈ ಸಡಿಲಾಯಿತು.

ಒಳಗೆ ಬಂದ ಹೊಳೆಪ್ಪನನ್ನು ನೋಡಿ ಭಾಗವ್ವ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಆಮೇಲೆ ಪ್ರತಿಮಾಳ ಕಡೆ ತಿರುಗಿದಳು. ಆ ನೋಟವನ್ನು ಪ್ರತಿಮಾ ತಡೆಯಲಾರದೆ ಪಿಎಸ್‌ಐನ ಕಡೆ ಮುಖ ಮಾಡಿದಳು.

ಹೊಳೆಪ್ಪ ಪೊಲೀಸರ ಕಡೆ ಹೋಗಲೇ ಇಲ್ಲ. ಸೀದಾ ಮುದುಕಿಯ ಮುಂದೆ ಮೊಣಕಾಲೂರಿದ. ಅವನು ಹೇಳಿದ್ದನ್ನು ಪ್ರತಿಮಾ ತುಂಡು ತುಂಡಾಗಿ ಕೊಂಕಣಿಗೆ ತಿರುಗಿಸಿದಳು.

ಎಸ್ಪೆರಾನ್ಸಾ ಪೂರ್ತಿ ಕೇಳಿದಳು. "ಮಳೆಯಲ್ಲಿ ಯಾರ ಗಾಡಿಯಾದರೂ ಬಡಿಯಬಹುದು," ಎಂದಳು. "ಬಿಟ್ಟು ಯಾಕೆ ಹೋದೆ? ನನ್ನ ಮನೆ ಎದುರಿಗೇ ಇದೆ. ಬಾಗಿಲು ಬಡಿಯಬಹುದಿತ್ತು. ಹೂ ಹಿಡಿದು ಹೋದವಳು ಬರೀ ಪೀಠ ನೋಡಿದೆ. ಅಲ್ಲಿಯೇ ಕುಸಿದು ಕೂತೆ."

"ಹೆದರಿದ್ನ್ರಿ," ಎಂದ ಹೊಳೆಪ್ಪ.

ಮುದುಕಿ ಎದ್ದು ಮೇಜಿನ ಹತ್ತಿರ ಹೋದಳು. ಕರ್ಚೀಫು ತೆಗೆದು ಶಿಲುಬೆಯ ಮೇಲಿನ ಭಂಡಾರವನ್ನು ಒರೆಸತೊಡಗಿದಳು. ಕುಂಕುಮ ಬೇಗ ಹೋಯಿತು. ಸುಣ್ಣದೊಳಗೆ ಇಳಿದಿದ್ದ ಹಳದಿ ಮಾತ್ರ ಹೋಗಲೊಲ್ಲದು. ಅವಳು ಕರ್ಚೀಫಿಗೆ ನೀರು ಹಾಕಿಕೊಂಡು ತಿಕ್ಕಿದಳು. ಪ್ರತಿಮಾಳಿಗೆ ಭಾಗವ್ವನನ್ನು ನೋಡಲು ಅಳುಕಾಯಿತು. ಆದರೆ ಭಾಗವ್ವನೇ, "ಒರಸಲಿ ಬಿಡ್ರಿ. ಅವರ ದೇವರದು," ಎಂದಳು.

ಅಷ್ಟರಲ್ಲಿ ಹೊರಗೆ ನಿಂತವರಿಗೆ ಸುಳಿವು ಹತ್ತಿತ್ತು. "ಡ್ರೈವರನಂತೆ! ಒಳಗಿದ್ದಾನಂತೆ!" ಕಟಾಂಜನದ ಬಾಗಿಲು ದಡದಡ ಅಲುಗಿತು. ಪೊಲೀಸರು ಅದಕ್ಕೆ ಬೆನ್ನು ಕೊಟ್ಟು ನಿಂತರು. ಹೊಳೆಪ್ಪ ಗೋಡೆಗೆ ಅಂಟಿಕೊಂಡ. ಭಾಗವ್ವ ಅವನ ಮುಂದೆ ಹೋಗಿ ಅಡ್ಡ ನಿಂತಳು. ಪಿಎಸ್‌ಐ ಫೋನಿನಲ್ಲಿ ಏರುದನಿಯಲ್ಲಿ ಏನೋ ಹೇಳುತ್ತಿದ್ದ.

ಎಸ್ಪೆರಾನ್ಸಾ ಶಿಲುಬೆಯ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಭಾರವಾಗಿತ್ತು. ಫಾದರ್ ಕೈ ಚಾಚಿದರು, ಅವಳು ಕೊಡಲಿಲ್ಲ. "ಬಾಗಿಲು ತೆಗೆಯಿರಿ," ಎಂದಳು.

ವರಾಂಡದಲ್ಲಿ ಅವಳನ್ನು ಕಂಡು ಮುಂದಿದ್ದವರು ಹಿಂದೆ ಸರಿದರು. ಪ್ರತಿಮಾ ಬಾಗಿಲಿನಲ್ಲಿ ನಿಂತು ಕೇಳಿದಳು.

"ಗಾಡಿ ಬಡಿದು ಮುರಿದಿದೆ," ಎಂದಳು ಮುದುಕಿ. "ಬೇಕೆಂದು ಯಾರೂ ಮಾಡಿಲ್ಲ. ಆ ಹೆಂಗಸು ರಸ್ತೆಯಿಂದ ಎತ್ತಿ ಜೋಪಾನ ಮಾಡಿದ್ದಾಳೆ. ನನ್ನ ಮಾವ ಕಟ್ಟಿಸಿದ್ದು ಇದು. ನಾನು ಹೇಳುತ್ತಿದ್ದೇನೆ, ಮನೆಗೆ ಹೋಗಿ."

"ಅರಿಶಿನ ಬಳಿದಳಲ್ಲ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಬಳಿದಳು. ನಾನು ಒರೆಸಿದೆ. ಮುಗಿಯಿತು."

ಎಲ್ಲರೂ ಹೋಗಲಿಲ್ಲ. ಕೆಲವರು ಗೊಣಗುತ್ತ ಗೇಟಿನ ಆಚೆ ನಿಂತೇ ಇದ್ದರು. ಯಾರೋ ಎಸೆದ ಕಲ್ಲು ಪ್ರತಿಮಾಳ ಸ್ಕೂಟಿಯ ದೀಪ ಒಡೆಯಿತು. ಮಡಗಾವಿನ ಪೊಲೀಸ್ ಗಾಡಿ ಬಂದ ಮೇಲೆ ಆ ಕೆಲವರೂ ಚದುರಿದರು.

ಭಾಗವ್ವನನ್ನು ಮಧ್ಯಾಹ್ನ ಬಿಟ್ಟರು. "ಕೂಡು, ಮನೀತನಾ ಬಿಡ್ತೀನಿ," ಎಂದು ಪ್ರತಿಮಾ ಸ್ಕೂಟಿ ನಿಲ್ಲಿಸಿದರೆ, ಅವಳು ಕಿವಿ ಕೇಳಿಸದವಳಂತೆ ಮಳೆಯಲ್ಲಿ ನಡೆದುಕೊಂಡೇ ಹೋದಳು. ಹೊಳೆಪ್ಪನ ಮೇಲೆ ಅಜಾಗರೂಕತೆಯಿಂದ ಗಾಡಿ ನಡೆಸಿದ ಕೇಸು ಆಯಿತು. ಟಿಪ್ಪರಿನ ಮಾಲೀಕ ಅವನನ್ನು ಕೆಲಸದಿಂದ ಬಿಡಿಸಿದ. ಬ್ಯಾಡಗಿಯಿಂದ ಬಂದ ಶ್ರೀಶೈಲ ಒಡೆದ ದೀಪ ನೋಡಿ ಎರಡು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಆಮೇಲೆ ತಾನೇ ಒಯ್ದು ರಿಪೇರಿ ಮಾಡಿಸಿಕೊಂಡು ಬಂದ. ಮಳೆ ನಿಂತ ಮೇಲೆ ಎಸ್ಪೆರಾನ್ಸಾ ಗವಂಡಿಯನ್ನು ಹಚ್ಚಿ, ಹಳೆಯ ತುಂಡನ್ನೇ ಸೇರಿಸಿ ಶಿಲುಬೆ ನಿಲ್ಲಿಸಿದಳು.

ಭಾಗವ್ವ ಅಂಗಡಿಗೆ ಬರುವುದನ್ನು ಬಿಟ್ಟಿದ್ದಳು. ಜೋಳದ ಹಿಟ್ಟಿಗೆ ಮಾರ್ಕೆಟ್ಟಿನ ಆ ಕಡೆಯ ಅಂಗಡಿಗೆ ಹೋಗುತ್ತಿದ್ದಾಳೆಂದು ಪ್ರತಿಮಾಳಿಗೆ ಗೊತ್ತಾಯಿತು. ಒಂದು ಜೀವ ಉಳಿಸಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ತನ್ನ ಕೈಯಲ್ಲಿ ನಂಬಿ ಇಟ್ಟದ್ದನ್ನು ತಾನೇ ಎತ್ತಿ ಇನ್ನೊಬ್ಬರಿಗೆ ಕೊಟ್ಟಂತೆ ಅವಳಿಗೆ ಅನ್ನಿಸುತ್ತಿತ್ತು.

ಚಳಿ ಬಿದ್ದ ಮೇಲೆ ಹೊಳೆಪ್ಪನಿಗೆ ಕಾಣಕೋಣದಲ್ಲಿ ಕೆಲಸ ಸಿಕ್ಕಿತು. ಹೊರಟ ದಿನ ದ್ರಾಕ್ಷಾಯಿಣಿ ಕೂಸನ್ನೆತ್ತಿಕೊಂಡು ಹೇಳಿಹೋಗಲು ಬಂದಳು. ಹಿಂದೆ ಅವರ ಗಂಟು ಹೊತ್ತು ಭಾಗವ್ವ. ಅವಳು ಮೆಟ್ಟಿಲು ಹತ್ತಲಿಲ್ಲ, ಕೆಳಗೆ ನಿಂತೇ ಹೇಳಿದಳು.

"ನಿಮ್ಮನ್ನ ನಂಬಿ ಹೇಳಿದ್ನಿ ಅಕ್ಕಾರ."

"ಹೌದು," ಎಂದಳು ಪ್ರತಿಮಾ. "ನಿನ್ನ ಬಿಡಸಾಕ ನನಗ ಬ್ಯಾರೆ ದಾರಿ ಕಾಣಲಿಲ್ಲ, ಭಾಗವ್ವ."

"ಬಿಡಸ್ರಿ ಅಂತ ನಾ ಕೇಳಿದ್ದಿಲ್ರಿ."

ಕೂಸು ಕೈ ಬಡಿಯುತ್ತಿತ್ತು. ದ್ರಾಕ್ಷಾಯಿಣಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ಭಾಗವ್ವ ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡು, ಸ್ವಲ್ಪ ತಡೆದು, "ಬಸ್ಸಿನ್ಯಾಗ ಇವರಿಗೆ ತಿನ್ನಾಕ ಚುರುಮುರಿ ಕಟ್ಟಿ ಕೊಡ್ರಿ," ಎಂದಳು. "ನಾಳಿಗೆ ನಾ ಹಿಟ್ಟ ಒಯ್ಯಾಕ ಬಂದಾಗ ಅದರ ರೊಕ್ಕಾನೂ ಹಿಡೀರಿ."

ಪ್ರತಿಮಾ ಡಬ್ಬಿಯ ಮುಚ್ಚಳ ತೆಗೆದಳು.